ಅಜ್ಜಿಯ ಬಾಯಿ ಕಟ್ಟಿದವಳು ನಾನು

ಮಕ್ಕಳ ಮನಃಶಾಸ್ತ್ರ ಓದಿಕೊಂಡು ಕೆಲಸಕ್ಕೆ ಇಳಿದವರಿಗೆ ಮೊದಲ ಕೆಲವು ವರ್ಷ ಒಂದು ಜಂಭ ಇರುತ್ತದೆ. ನನಗೆ ಕೊಂಚ ಜಾಸ್ತಿಯೇ ಇತ್ತು ಅಂತ ಇಟ್ಟುಕೊಳ್ಳಿ. ಮದುವೆಯಾಗಿ ಮೈಸೂರಿನಿಂದ ಚೆನ್ನೈಗೆ ಬಂದ ನಾನು ತೊಂಬತ್ತರ ದಶಕದ ಕೊನೆಯಲ್ಲಿ ಅಡ್ಯಾರಿನ ಒಂದು ಸಣ್ಣ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದೆ. ಹಳೇ ಮನೆಯೊಂದರ ಕೆಳಗಿನ ಭಾಗ. ನಾಲ್ಕು ಕೋಣೆ, ಪ್ರತಿ ಕೋಣೆಗೊಂದು ಪುಟ್ಟ ಮೇಜು, ಎದುರುಬದುರು ಎರಡು ಪುಟ್ಟ ಕುರ್ಚಿ. ಮಾತು ಬಾರದ ಮಕ್ಕಳು, ಬಂದ ಮಾತು ನಿಂತುಹೋದ ಮಕ್ಕಳು, ಸಿಟ್ಟು ಬಂದರೆ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುವ ಮಕ್ಕಳು, ಕೂತಲ್ಲಿ ಒಂದು ನಿಮಿಷ ಕೂರದ ಮಕ್ಕಳು, ಎಲ್ಲರೂ ಅಲ್ಲಿಗೆ ಬರುತ್ತಿದ್ದರು. ಇಡೀ ದಿನ ಆ ಪುಟ್ಟ ಕುರ್ಚಿಯಲ್ಲಿ ಮಂಡಿ ಗಲ್ಲಕ್ಕೆ ತಾಗುವ ಹಾಗೆ ಕೂತು ಕೂತು ನನ್ನ ಸೊಂಟ ಈಗ ಕೆಲಸಕ್ಕೆ ಬಾರದ ಹಾಗಾಗಿದೆ.

ನಮ್ಮ ಕೆಲಸದ ರೀತಿ ಹೀಗಿತ್ತು. ಮಗು ಕಿರುಚಿತು ಅಂದರೆ, ಅಯ್ಯೋ ಪಾಪ ಯಾಕೆ ಕಿರುಚಿತೋ ಅಂತ ಕೂತು ಮರುಗುವ ಹಾಗಿಲ್ಲ. ಒಂದು ಹಾಳೆ ತೆಗೆದು ಮೂರು ಕಾಲಂ ಎಳೆಯಬೇಕು. ಮೊದಲನೆಯದರಲ್ಲಿ, ಕಿರುಚುವುದಕ್ಕೆ ಮುಂಚೆ ಏನಾಯಿತು. ಎರಡನೆಯದರಲ್ಲಿ, ಮಗು ಏನು ಮಾಡಿತು. ಮೂರನೆಯದರಲ್ಲಿ, ಆಮೇಲೆ ಏನಾಯಿತು. ಹತ್ತು ದಿನ ಹೀಗೆ ಬರೆದರೆ ಮಗುವಿನ ಸ್ವಭಾವ ತಾನಾಗಿ ಹಾಳೆಯ ಮೇಲೆ ಬಂದು ಕೂರುತ್ತದೆ. ಈ ಮಾತನ್ನು ನಾನು ಈಗಲೂ ನಂಬುತ್ತೇನೆ. ನಂಬಬಾರದಾಗಿದ್ದ ಇನ್ನೊಂದನ್ನೂ ಆಗ ನಂಬಿದ್ದೆ, ಅದರ ಕಥೆ ಇದು.

ಆ ಕಾಲದಲ್ಲಿ ನಮ್ಮಂಥವರೆಲ್ಲರ ಬಾಯಲ್ಲೂ ಒಂದು ನಿಯಮ ಇತ್ತು. ಮಾತು ತಡವಾದ ಮಗುವಿಗೆ ಒಂದೇ ಭಾಷೆ ಇರಬೇಕು. ಮನೆಯಲ್ಲೊಂದು, ಬೀದಿಯಲ್ಲೊಂದು, ಸ್ಕೂಲಲ್ಲೊಂದು ಅಂತಾದರೆ ಮಗುವಿಗೆ ಗೊಂದಲ, ಆದ್ದರಿಂದ ಒಂದನ್ನು ಇಟ್ಟುಕೊಂಡು ಮಿಕ್ಕಿದ್ದನ್ನು ಬಿಟ್ಟುಬಿಡಿ. ಇದನ್ನು ಮೊದಲು ಹೇಳಿದ್ದು ಯಾರೋ ನನಗೆ ಗೊತ್ತಿಲ್ಲ. ನನಗೆ ನನ್ನ ಮೇಷ್ಟ್ರು ಹೇಳಿದ್ದರು, ಅವರಿಗೆ ಅವರ ಮೇಷ್ಟ್ರು ಹೇಳಿರಬೇಕು. ಕೇಳೋದಕ್ಕೆ ಸರಿಯಾಗೇ ಇತ್ತಲ್ಲ, ಹಾಗಾಗಿ ಯಾರೂ ತಿರುಗಿ ಕೇಳಲಿಲ್ಲ. ಕೇಂದ್ರಕ್ಕೆ ಬರುತ್ತಿದ್ದ ತೆಲುಗಿನವರಿಗೆ, ಮಲಯಾಳದವರಿಗೆ, ಮಾರ್ವಾಡಿಗಳಿಗೆ, ಎಲ್ಲರಿಗೂ ನಾನು ಈ ಮಾತನ್ನು ಔಷಧಿ ಚೀಟಿ ಬರೆದಷ್ಟು ಸಲೀಸಾಗಿ ಹೇಳಿ ಕಳಿಸುತ್ತಿದ್ದೆ.

ಹಾಗಿರುವಾಗ ಒಂದು ದಿನ ಬೆಳಿಗ್ಗೆ ಕನ್ನಡದ ಸಂಸಾರವೊಂದು ಬಂತು. ತಾಯಿ, ಅವಳ ಅತ್ತೆ, ನಾಲ್ಕು ವರ್ಷದ ಹುಡುಗಿ. ತುಮಕೂರು ಕಡೆಯವರು. ಹುಡುಗಿಯ ಅಪ್ಪನಿಗೆ ಬ್ಯಾಂಕಿನಲ್ಲಿ ಕೆಲಸ, ಚೆನ್ನೈಗೆ ವರ್ಗವಾಗಿ ಒಂದು ವರ್ಷವಾಗಿತ್ತಂತೆ, ಮೈಲಾಪೂರಿನ ಹಳೇ ಫ್ಲಾಟೊಂದರಲ್ಲಿ ಬಾಡಿಗೆಗಿದ್ದರು. ತಾಯಿ ಮೊದಲು ನನ್ನ ಹತ್ತಿರ ಹರುಕುಮುರುಕು ತಮಿಳಲ್ಲಿ ಶುರು ಮಾಡಿದಳು. ನಾನು ಕನ್ನಡದಲ್ಲಿ ಉತ್ತರ ಕೊಟ್ಟಿದ್ದೇ ತಡ, ಅತ್ತೆ ಸೊಸೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಕನ್ನಡದೋರಾ ಮೇಡಂ ನೀವು?" ಅಂದ ತಾಯಿಯ ಕಣ್ಣಲ್ಲಿ ನೀರೇ ಬಂತು.

ಅಜ್ಜಿ ಮಾತ್ರ ಅಳುವ ಪೈಕಿಯಲ್ಲ. ಹಣೆ ತುಂಬ ವಿಭೂತಿ, ಎದೆಯ ಮೇಲೆ ಲಿಂಗದ ಕರಡಿಗೆ, ಮಡಿಲಲ್ಲಿ ಮೊಮ್ಮಗಳು. "ಏನವ್ವ, ನಮ್ಮ ಮಾತು ಆಡೋರು ಒಬ್ಬರು ಸಿಕ್ಕಿದ್ರಲ್ಲ" ಅಂತ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಮಾತಿಗೆ ಕೂತರು. ಹುಡುಗಿ ಹುಟ್ಟಿದ ದಿನದಿಂದ ಶುರುಮಾಡಿ ಒಂದೂ ಬಿಡಲಿಲ್ಲ. ಯಾವ ತಿಂಗಳಲ್ಲಿ ಕತ್ತು ನಿಂತಿತು, ಯಾವಾಗ ಮುಖ ನೋಡಿ ನಗುವುದನ್ನು ನಿಲ್ಲಿಸಿದಳು, ಹೇಗೆ ತುದಿಗಾಲಲ್ಲಿ ಓಡಾಡುತ್ತಾಳೆ, ನೀರು ಬೇಕಾದರೆ ಕೇಳದೆ ಹೇಗೆ ನಮ್ಮ ಕೈ ಹಿಡಿದು ಮಡಕೆಯ ಹತ್ತಿರ ಎಳೆದುಕೊಂಡು ಹೋಗುತ್ತಾಳೆ. ಸೊಸೆ ನಡುವೆ "ಅತ್ತೆ, ಸಾಕು ಸುಮ್ನಿರಿ, ಮೇಡಂ ತಲೆ ತಿನ್ಬೇಡಿ" ಅಂತ ಮೊಣಕೈಯಿಂದ ತಿವಿದರೂ ಅವರು ನಿಲ್ಲಿಸಲಿಲ್ಲ. ನಾನು ಕಾಲೇಜಿನಲ್ಲಿ ಐದು ವರ್ಷ ಓದಿ ಕಲಿತ ಲಕ್ಷಣಗಳನ್ನೆಲ್ಲ ಆ ಅಜ್ಜಿ ಅಡುಗೆಮನೆಯಲ್ಲಿ ನಿಂತು ನೋಡಿಕೊಂಡಿದ್ದರು. ಅವರ ಬಾಯಿಂದ ಕೇಳಿ ಕೇಳಿ ನಾನು ಎರಡೂವರೆ ಪುಟ ಬರೆದೆ.

ಬರೆದುಕೊಂಡು ಆದ ಮೇಲೆ ಪೆನ್ನಿನ ಮುಚ್ಚಳ ಹಾಕಿ ನಿಯಮ ಹೇಳಿದೆ. ಸ್ಕೂಲಿನಲ್ಲಿ ತಮಿಳು, ಬೀದಿಯಲ್ಲಿ ತಮಿಳು, ನಮ್ಮ ಕೇಂದ್ರದಲ್ಲೂ ತಮಿಳು. ಆದ್ದರಿಂದ ಇವತ್ತಿನಿಂದ ಮಗುವಿನ ಹತ್ತಿರ ತಮಿಳು ಮಾತ್ರ.

"ಮನೇಲಿ ನಾವು ಆಡೋದೇ ಕನ್ನಡ ಅಲ್ವಾ ಮೇಡಂ" ಅಂದಳು ತಾಯಿ.

ನಾನು ಇನ್ನಷ್ಟು ಬಿಗಿಯಾದೆ. ಅದಕ್ಕೊಂದು ಕಾರಣ ಇತ್ತು, ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ನಮ್ಮ ಕಡೆಯವರು ಅಂತ ಸಡಿಲ ಬಿಟ್ಟಳು ಅಂತ ಕೇಂದ್ರದಲ್ಲಿ ಯಾರೂ ಆಡಿಕೊಳ್ಳಬಾರದಲ್ಲ, ಅದಕ್ಕೆ. ತೆಲುಗಿನವರಿಗಾದರೆ "ಸಾಧ್ಯವಾದಷ್ಟು" ಅನ್ನುತ್ತಿದ್ದೆ, ಇವರಿಗೆ "ಖಡಾಖಂಡಿತ" ಅಂದೆ.

ಅಜ್ಜಿ ಮೊಮ್ಮಗಳನ್ನು ಮಡಿಲಲ್ಲಿ ಸರಿಯಾಗಿ ಕೂರಿಸಿಕೊಂಡರು. ಆಮೇಲೆ, "ನಂಗೆ ತಮಿಳು ಬರಾಕಿಲ್ಲವಲ್ಲವ್ವ, ನಾನೇನು ಮಾಡ್ಲಿ?" ಅಂದರು.

"ಹಾಗಿದ್ರೆ ನೀವು ಮಗು ಹತ್ರ ಮಾತಾಡ್ಬೇಡಿ ಅಜ್ಜಿ. ಅವಳ ಒಳ್ಳೇದಕ್ಕೇ ತಾನೆ."

"ನನ್ನ ಮಾತಿಂದ ಅವಳಿಗೆ ಕೆಟ್ಟದಾಯ್ತೈತಾ?"

"ಗೊಂದಲ ಆಗತ್ತೆ ಅಜ್ಜಿ. ಅವಳಿಗೆ ಮಾತು ಬರಬೇಕು ಅಂತ ನಿಮಗೂ ಇದೆ ಅಲ್ವಾ?"

ಇದಿಷ್ಟನ್ನೂ ನಾನು ಅಚ್ಚ ಕನ್ನಡದಲ್ಲಿ ಹೇಳಿದೆ. ಅವರು ಮೊಮ್ಮಗಳ ತಲೆ ನೇವರಿಸುತ್ತ "ಆಯ್ತವ್ವ" ಅಂದರು. ನಾನು ಮುಂದಿನ ಮಗುವನ್ನು ಒಳಗೆ ಕರೆದೆ.

ಹುಡುಗಿ ವಾರಕ್ಕೆ ಮೂರು ದಿನ ಬರತೊಡಗಿದಳು. ನಾವು ಅವಳ ಕೆಲಸ ಚೆನ್ನಾಗಿಯೇ ಮಾಡಿದೆವು, ಅದನ್ನು ಇಲ್ಲ ಅನ್ನಲಾರೆ. ಮೊದಲು ಕುರ್ಚಿಯಲ್ಲಿ ಕೂರುವುದು, ಆಮೇಲೆ ತೋರಿಸಿದ್ದನ್ನು ನೋಡುವುದು, ಆಮೇಲೆ ಬೇಕಾದ್ದರ ಕಡೆ ಬೆರಳು ಚಾಚುವುದು. ನಾಲ್ಕನೇ ತಿಂಗಳಲ್ಲಿ ಒಂದು ಮಧ್ಯಾಹ್ನ ಅವಳು ನೀರಿನ ಲೋಟ ನೋಡಿ "ತಣ್ಣಿ" ಅಂದಳು. ಹೊರಗೆ ಬೆಂಚಿನ ಮೇಲೆ ಕೂತಿದ್ದ ತಾಯಿಯನ್ನು ಕೂಗಿ ಕರೆದೆ. ಇನ್ನೊಮ್ಮೆ "ತಣ್ಣಿ" ಅಂತ ಕೇಳಿ ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ತಿರುಗಿ ನಿಂತುಬಿಟ್ಟಳು. ಅಲ್ಲಿಂದ ಮುಂದೆ ತಿಂಗಳಿಗೆ ನಾಲ್ಕೋ ಐದೋ ಮಾತು ಸೇರುತ್ತ ಹೋಯಿತು. ನಾನು ಗ್ರಾಫ್ ಹಾಳೆಯ ಮೇಲೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ಗೋಡೆಗೆ ಅಂಟಿಸಿದ್ದೆ, ಬಂದವರಿಗೆಲ್ಲ ತೋರಿಸುತ್ತಿದ್ದೆ.

ತಾಯಿಯೂ ಬಿಡಲಿಲ್ಲ. ಪಾಪ, ಅವಳಿಗಿದ್ದ ತಮಿಳು ಅಂದರೆ ತರಕಾರಿ ಗಾಡಿಯವಳ ಹತ್ತಿರ, ಕೆಲಸದವಳ ಹತ್ತಿರ ಆಡುವಷ್ಟೆ. ವಾ, ಪೋ, ಎಡು, ವೇಂಡಾಂ. ಬಾ, ಹೋಗು, ತಗೋ, ಬೇಡ. ಇಷ್ಟರಲ್ಲೇ ಅವಳು ತನ್ನ ಮಗಳನ್ನು ಸಾಕುತ್ತಿದ್ದಳು. ಒಮ್ಮೆ ಅವಳೇ ಹೇಳಿದಳು, "ಮುದ್ದು ಮಾಡೋಕೆ ನಂಗೆ ತಮಿಳಲ್ಲಿ ಒಂದು ಮಾತೂ ಬರಲ್ಲ ಮೇಡಂ. ಸುಮ್ನೆ ತಬ್ಕೊಂಡು ಕೂತ್ಕೋತೀನಿ." ನಾನು ಅದಕ್ಕೆ "ತಮಿಳು ಟೀವಿ ನೋಡಿ, ಬೇಗ ಬರತ್ತೆ" ಅಂದೆ. ಎಂಥ ಉತ್ತರ ನೋಡಿ.

ಎಂಟು ತಿಂಗಳಾದ ಮೇಲೆ ಮನೆಗೆ ಹೋಗಿ ನೋಡುವ ಪದ್ಧತಿ ನಮ್ಮಲ್ಲಿತ್ತು. ಮಗು ಮೇಜಿನ ಮುಂದೆ ಮಾಡಿದ್ದನ್ನು ಮನೆಯಲ್ಲೂ ಮಾಡುತ್ತದೋ ಇಲ್ಲವೋ ಅಂತ. ಅಡ್ಯಾರಿನಿಂದ ಬಸ್ಸಿನಲ್ಲಿ ಹೋಗಿ ಮೈಲಾಪೂರಿನಲ್ಲಿ ಇಳಿದು ಕೇಳಿಕೊಂಡು ಹೋದೆ. ಎರಡನೇ ಮಹಡಿ. ತಾಯಿ ಬಾಗಿಲು ತೆಗೆದಳು. ಹುಡುಗಿ ಸ್ಕೂಲಿನಿಂದ ಬಂದು ಹಾಲಿನಲ್ಲಿ ಚಾಪೆಯ ಮೇಲೆ ಕೂತಿದ್ದಳು, ಅಜ್ಜಿ ಎದುರಿಗೆ ಕೂತು ಅನ್ನ ತಿನ್ನಿಸುತ್ತಿದ್ದರು. ನಾನು ಮೂಲೆಯ ಕುರ್ಚಿಯಲ್ಲಿ ಹಾಳೆ ಹಿಡಿದು ಕೂತೆ.

ಅಜ್ಜಿ ನನ್ನನ್ನು ನೋಡಿ ನಕ್ಕರು, ತಲೆ ಆಡಿಸಿದರು. ಬಾಯಿ ಬಿಡಲಿಲ್ಲ. ತುತ್ತು ಕಲಸುವುದು, ಹುಬ್ಬು ಏರಿಸುವುದು, ಹುಡುಗಿ ಬಾಯಿ ತೆರೆಯುವುದು. ಒಂದು ತುತ್ತು ನೆಲಕ್ಕೆ ಬಿತ್ತು, ಅಜ್ಜಿ ಬೆರಳು ಅಲ್ಲಾಡಿಸಿದರು. ಹುಡುಗಿ "ಪೋದುಂ", ಸಾಕು, ಅಂದಳು. ಅಜ್ಜಿ ತಟ್ಟೆ ಎತ್ತಿದರು. ಮುಕ್ಕಾಲು ಗಂಟೆಯಲ್ಲಿ ಅಜ್ಜಿಯ ಗಂಟಲಿಂದ ಒಂದು ಸದ್ದು ಬರಲಿಲ್ಲ. ನಮ್ಮ ಕೇಂದ್ರಕ್ಕೆ ಬಂದು ಕುರ್ಚಿ ಎಳೆದುಕೊಂಡು ಕೂತ ಆ ಹೆಂಗಸು ಇವರೇನಾ ಅಂತ ನನಗೆ ಅನುಮಾನ ಬಂತು. ನಾನೇ ಹೇಳಿ ಕಳಿಸಿದ್ದು ನೆನಪಿಗೇ ಬರಲಿಲ್ಲ, ಏನೋ ಕಾಯಿಲೆ ಇರಬೇಕು, ಇಲ್ಲ ಅತ್ತೆ ಸೊಸೆಗೆ ಜಗಳ ಇರಬೇಕು ಅಂದುಕೊಂಡೆ. ಹಾಳೆಯ ಮೇಲೆ "ಅಜ್ಜಿಯಿಂದ ಮಗುವಿಗೆ ಪ್ರೋತ್ಸಾಹ ಕಡಿಮೆ" ಅಂತ ಬೇರೆ ಬರೆದೆ.

ತಾಯಿ ಹುಡುಗಿಯನ್ನು ಮಲಗಿಸಲು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು. ಚಿಲಕದ ಸದ್ದು ಕೇಳಿದ ಮೇಲೆ ಅಜ್ಜಿ ನಾಲಿಗೆಯ ಕೆಳಗಿನಿಂದ ಒಂದು ಲವಂಗ ತೆಗೆದು ಅಂಗೈಯಲ್ಲಿಟ್ಟುಕೊಂಡರು.

"ಹೆಂಗಿದ್ದೀಯವ್ವ? ಬಿಸ್ಲಾಗೆ ಬಂದಿದ್ದೀಯ, ಮಜ್ಜಿಗೆ ತರ್ಲಾ?"

ಆಮೇಲೆ ಒಂದೊಂದಾಗಿ ಹೇಳಿದರು, ಪಿಸುದನಿಯಲ್ಲಿ. ಹುಡುಗಿ ಮನೆಯಲ್ಲಿರುವಷ್ಟು ಹೊತ್ತು ಬಾಯಲ್ಲಿ ಲವಂಗ ಇಟ್ಟುಕೊಳ್ಳುತ್ತಿದ್ದರಂತೆ. ಇಲ್ಲದಿದ್ದರೆ ಅಭ್ಯಾಸಬಲದಿಂದ ಮಾತು ಜಾರಿಬಿಡುತ್ತದೆ. ಮೊದಲ ತಿಂಗಳು ಎರಡು ಸಲ ಜಾರಿತ್ತಂತೆ, ಅವತ್ತು ರಾತ್ರಿ ಊಟ ಬಿಟ್ಟಿದ್ದರಂತೆ. ಮಗನ ಹತ್ತಿರ ಏನಾದರೂ ಹೇಳಬೇಕಾದರೆ ಬಾಲ್ಕನಿಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡು ಹೇಳುತ್ತಿದ್ದರು. ಬೆಳಗಿನ ಪೂಜೆಗೆ ಹುಡುಗಿ ಪಕ್ಕದಲ್ಲಿ ಬಂದು ಕೂರುತ್ತಿದ್ದಳು, ಅದಕ್ಕೆ ಪೂಜೆಯೂ ತುಟಿಯಲ್ಲೇ. "ಮಾತು ಆಡ್ಬೇಕು ಅನ್ನಿಸಿದ್ರೆ ಕೆಳಗೆ ಹೂವಿನವಳ ತಾವ ಹೋಯ್ತೀನಿ. ನಾನು ಕನ್ನಡದಾಗೆ ಹೇಳ್ತೀನಿ, ಅವಳು ತಮಿಳಾಗೆ ಹೇಳ್ತಾಳೆ. ಇಬ್ರಿಗೂ ಏನೂ ತಿಳಿಯಾಕಿಲ್ಲ, ಆದ್ರೂ ಹೊಟ್ಟೆ ಹಗುರಾಯ್ತೈತೆ" ಅಂತ ನಕ್ಕರು.

ಈಗ ನೀವು, ಅಲ್ಲೇ ನನಗೆ ನನ್ನ ತಪ್ಪಿನ ಅರಿವಾಯಿತು ಅಂತ ಬರೆಯುತ್ತೇನೆ ಅಂದುಕೊಂಡಿರಬಹುದು. ಆಗಲಿಲ್ಲ. "ಎಷ್ಟು ಒಳ್ಳೇ ಕೆಲಸ ಮಾಡಿದ್ದೀರ ಅಜ್ಜಿ, ನೋಡಿ ಎಷ್ಟು ಮಾತು ಬಂದಿದೆ ಅವಳಿಗೆ" ಅಂತ ಬೆನ್ನು ತಟ್ಟಿದೆ. ಅವರಿಗೆ ಎಷ್ಟು ಸಂತೋಷವಾಯಿತು ಅಂದರೆ, ಎರಡು ಲೋಟ ಮಜ್ಜಿಗೆ ಕುಡಿಸಿ ಕಳಿಸಿದರು. ಬಸ್ಸಿನಲ್ಲಿ ಕೂತು "ಪ್ರೋತ್ಸಾಹ ಕಡಿಮೆ" ಅನ್ನುವುದನ್ನು ಹೊಡೆದು ಹಾಕಿ "ಅಜ್ಜಿಯ ಸಹಕಾರ ಅತ್ಯುತ್ತಮ" ಅಂತ ಬರೆದೆ. ಆ ಹಾಳೆ ಈಗಲೂ ನನ್ನ ಹತ್ತಿರ ಇದೆ, ಹರಿದು ಹಾಕುವ ಮನಸ್ಸಾಗಿಲ್ಲ.

ಅದಾಗಿ ಇನ್ನೂ ಒಂದಷ್ಟು ತಿಂಗಳು ಕಳೆದಿರಬೇಕು. ಹೊಸ ಶತಮಾನ ಬಂದಿತ್ತು, ನಮ್ಮ ಕೇಂದ್ರಕ್ಕೊಂದು ಕಂಪ್ಯೂಟರೂ ಬಂದಿತ್ತು. ಒಂದು ಶನಿವಾರ ನಮಗೆಲ್ಲ ಪಾಠ ಹೇಳಲು ಹೊರಗಿನಿಂದ ಒಬ್ಬ ಸ್ಪೀಚ್ ಥೆರಪಿಸ್ಟ್ ಬಂದರು. ವಯಸ್ಸಾದ ಹೆಂಗಸು, ಮೆತ್ತಗೆ ಮಾತಾಡುವವರು. ನಾನು ನನ್ನ ಕೆಂಪು ಗೆರೆಯ ಗ್ರಾಫು ತೋರಿಸಿ ಬೀಗುತ್ತ ಕಥೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ಒಂದು ಭಾಷೆ ತೆಗೆದಿದ್ದರಿಂದಲೇ ಮಾತು ಬಂತು ಅಂತ ನಿನಗೆ ಹೇಗೆ ಗೊತ್ತು ಅಂತ ಕೇಳಿದರು. ವಾರಕ್ಕೆ ಮೂರು ದಿನ ನೀನು ಕೂತು ಮಾಡಿದ ಕೆಲಸದಿಂದ ಬಂದಿರಬಾರದೇಕೆ ಅಂದರು. ಎರಡು ಭಾಷೆ ಕೇಳಿ ಕೆಟ್ಟ ಮಗುವನ್ನು ನಾನು ನೋಡಿಲ್ಲ, ಜೊತೆಗೆ ಮಾತಾಡುವವರೇ ಇಲ್ಲದೆ ಕೆಟ್ಟ ಮಕ್ಕಳನ್ನು ಬೇಕಾದಷ್ಟು ನೋಡಿದ್ದೇನೆ ಅಂದರು.

ನನಗೆ ಬಾಯಿ ಜೋರು. ಎಲ್ಲರೆದುರು ವಾದಕ್ಕೆ ನಿಂತೆ. ಅವರು ವಾದ ಮಾಡಲಿಲ್ಲ, "ಯೋಚನೆ ಮಾಡಿ ನೋಡಮ್ಮ" ಅಂತ ಸುಮ್ಮನಾದರು. ಅದಕ್ಕೆ ನನಗೆ ಇನ್ನೂ ಉರಿಯಿತು.

ಅವತ್ತು ಸಾಯಂಕಾಲ ಮನೆಗೆ ಹೋದರೆ ನನ್ನ ಮಗಳು, ಆಗ ಅವಳಿಗೂ ಐದು ವರ್ಷ, ಬಾಗಿಲಲ್ಲೇ ನಿಂತಿದ್ದಳು. "ತಿಂಡಿ ತಿಂದ್ಯೇನೇ?" ಅಂದೆ. "ಸಾಪ್ಟುಟ್ಟೇನ್ ಮಾ" ಅಂದಳು. ನಾನು ಕನ್ನಡದಲ್ಲಿ ಕೇಳುವುದು, ಅವಳು ತಮಿಳಲ್ಲಿ ತಿಂದೆ ಅನ್ನುವುದು, ನಮ್ಮನೆಯಲ್ಲಿ ದಿನಾ ಇದ್ದದ್ದೇ. ಚೆನ್ನೈಯಲ್ಲಿ ಬೆಳೆದ ನಮ್ಮ ಮಕ್ಕಳೆಲ್ಲ ಹಾಗೇ. ಅವಳ ಜುಟ್ಟು ಬಿಚ್ಚುತ್ತ ಕೂತಾಗ ಹೊಳೆಯಿತು. ಇವಳ ಹತ್ತಿರ ಕನ್ನಡ ಆಡಬೇಡ ಅಂತ ಯಾರಾದರೂ ನನಗೆ ಹೇಳಿದ್ದರೆ ನಾನು ಅವರನ್ನು ಸುಮ್ಮನೆ ಬಿಡುತ್ತಿದ್ದೆನೆ? ಜನ್ಮ ಜಾಲಾಡಿಬಿಡುತ್ತಿದ್ದೆ. ಆ ಅಜ್ಜಿ ಮಾತ್ರ "ಆಯ್ತವ್ವ" ಅಂದರು. ಓದಿದವಳು ಹೇಳುತ್ತಿದ್ದಾಳೆ, ತನ್ನ ಮಾತೇ ಮಗುವಿಗೆ ಕೆಡುಕು ಅಂತ ನಂಬಿದರು. ನಂಬಿ, ಒಂದು ವರ್ಷಕ್ಕೂ ಮೇಲೆ ಎದುರಿಗೆ ಕೂತು ಬಾಯಿ ಕಟ್ಟಿಕೊಂಡರು. ಅವತ್ತು ಅತ್ತುಬಿಟ್ಟೆ. ಮಗಳು "ಏನ್ ಮಾ?" ಅಂತ ಕೇಳಿದಳು. ನಾನು ಬಿಚ್ಚಿದ ಜುಟ್ಟನ್ನು ಮತ್ತೆ ಹೆಣೆಯತೊಡಗಿದೆ.

ಮರುದಿನವೇ ಓಡಿ ಹೋದೆ ಅಂತ ಹೇಳಿಕೊಳ್ಳುವ ಆಸೆ ಇದೆ. ಮೂರು ವಾರ ಹೋಗಲಿಲ್ಲ. ಹುಡುಗಿ ಕೇಂದ್ರಕ್ಕೆ ಬರುತ್ತಿದ್ದಳು, ತಾಯಿ ಬೆಂಚಿನ ಮೇಲೆ ಕೂರುತ್ತಿದ್ದಳು, ನಾನು ಮುಖ ತಪ್ಪಿಸಿಕೊಂಡು ಓಡಾಡುತ್ತಿದ್ದೆ. ತಪ್ಪು ಒಪ್ಪಿಕೊಳ್ಳುವುದು ನನಗೆ ಮೊದಲಿಂದಲೂ ಭೇದಿಗೆ ಔಷಧಿ ಕುಡಿದ ಹಾಗೆ. ಕೊನೆಗೆ ಒಂದು ಶನಿವಾರ ಹೋಗಿ ಅವರ ಬಾಗಿಲು ತಟ್ಟಿದೆ.

ಹುಡುಗಿ ಚಾಪೆಯ ಮೇಲೆ ಮರದ ಆಟದ ತುಂಡುಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಅಜ್ಜಿಯನ್ನು ಅಡುಗೆಮನೆಗೆ ಕರೆದುಕೊಂಡು ಹೋದೆ, ಸೊಸೆಯೂ ಬಂದಳು. ನಾನು ಹೇಳಿದ್ದು ತಪ್ಪು ಅಂದೆ. ನಿಮ್ಮ ಮಾತಿನಿಂದ ಅವಳಿಗೆ ಏನೂ ಕೆಡುಕಾಗುತ್ತಿರಲಿಲ್ಲ, ನೀವು ಇಷ್ಟು ದಿನ ಸುಮ್ಮನಿದ್ದದ್ದು ಬೇಕಾಗೇ ಇರಲಿಲ್ಲ ಅಂದೆ. ಸೊಸೆಯ ಮುಖ ಕೆಂಪಾಯಿತು. "ಹಾಗಾದ್ರೆ ನಾನೂ ಇಷ್ಟು ದಿನ..." ಅಂತ ಶುರುಮಾಡಿ ಅಲ್ಲೇ ನಿಲ್ಲಿಸಿದಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅಜ್ಜಿ ಪಿಸುದನಿಯಲ್ಲಿ ಕೇಳಿದ್ದು ಒಂದೇ.

"ಈಗ ಮಾತಾಡ್ಬೌದಾ?"

"ಮಾತಾಡಿ ಅಜ್ಜಿ."

ಅವರು ಬಾಯಲ್ಲಿದ್ದ ಲವಂಗ ಉಗಿದು, ಬಾಯಿ ಮುಕ್ಕಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಹಾಲಿಗೆ ಹೋದರು. ಚಾಪೆಯ ಮೇಲೆ ಮೊಮ್ಮಗಳ ಎದುರಿಗೆ ಕೂತರು. "ಮಗಾ" ಅಂದರು. "ಏನು ಮಾಡ್ತಾ ಇದ್ದೀಯ ನನ್ನ ಮಗಾ?"

ಹುಡುಗಿ ಬೆಚ್ಚಿಬಿದ್ದಳು. ಅಜ್ಜಿಯ ಮುಖ ನೋಡಿದಳು. ಆಮೇಲೆ ಕಿರುಚಿದಳು, ನಾನು ಅವಳಿಂದ ಎಂದೂ ಕೇಳಿರದ ಹಾಗೆ. ಆ ತುಂಡುಗಳನ್ನೆಲ್ಲ ಒದ್ದು ಎದ್ದು ಬಂದು ಎರಡೂ ಕೈಯಿಂದ ಅಜ್ಜಿಯ ಬಾಯಿ ಒತ್ತಿ ಮುಚ್ಚಿದಳು. ಅಜ್ಜಿ ಕದಲಲಿಲ್ಲ. ಕೈ ತೆಗೆದ ಮೇಲೆ ಇನ್ನೊಮ್ಮೆ ಮೆಲ್ಲಗೆ "ಮಗಾ" ಅಂದರು. ಮತ್ತೆ ಕಿರುಚಾಟ, ಮತ್ತೆ ಎರಡು ಕೈ. ಮೂರನೇ ಸಲ ಅವರು ಪ್ರಯತ್ನಿಸಲಿಲ್ಲ.

ನನಗೆ ಅರ್ಥವಾಯಿತು. ಇಂಥ ಮಕ್ಕಳಿಗೆ ಎಲ್ಲವೂ ಇದ್ದ ಹಾಗೇ ಇರಬೇಕು. ಕುರ್ಚಿ ಜಾಗ ಬದಲಾದರೆ ಅಳುತ್ತಾರೆ, ತಾಯಿ ಕನ್ನಡಕ ಬದಲಾಯಿಸಿದರೆ ಹತ್ತಿರ ಬರುವುದಿಲ್ಲ. ವರ್ಷದ ಹಿಂದೆ ಕೇಳುತ್ತಿದ್ದ ದನಿ ಮರೆತುಹೋಗಿತ್ತು, ಈ ಹುಡುಗಿಗೆ ನೆನಪಿರುವ ಅಜ್ಜಿ ಸದ್ದಿಲ್ಲದ ಅಜ್ಜಿ. ಆ ಬಾಯಿಂದ ದನಿ ಬರುವುದು ಅವಳ ಪ್ರಪಂಚದಲ್ಲಿ ಇರಲೇ ಇಲ್ಲ. ಅಭ್ಯಾಸಬಲದಿಂದ ಹಾಳೆ ತೆಗೆದು ಮೂರು ಕಾಲಂ ಎಳೆದೆ. ಕಿರುಚುವುದಕ್ಕೆ ಮುಂಚೆ: ಅಜ್ಜಿ ಮಾತಾಡಿದರು. ಮಗು ಮಾಡಿದ್ದು: ಕಿರುಚಿ ಬಾಯಿ ಮುಚ್ಚಿತು. ಆಮೇಲೆ ಆದದ್ದು: ಅಜ್ಜಿ ಸುಮ್ಮನಾದರು. ಬರೆದದ್ದು ಸರಿಯಾಗೇ ಇತ್ತು. ಆದರೆ ಮೊದಲ ಕಾಲಂನಲ್ಲಿ ಬರೆಯಬೇಕಾಗಿದ್ದದ್ದು ನನ್ನನ್ನು.

"ಇನ್ನೇನು ಮಾಡ್ಲವ್ವ?" ಅಂತ ಅಜ್ಜಿ ಬಾಲ್ಕನಿಗೆ ಕರೆದುಕೊಂಡು ಹೋಗಿ ಕೇಳಿದಾಗ ನಾನು, "ಕಲಿಸೋಣ ಅಜ್ಜಿ. ನಿಮ್ಮ ದನೀನ ಅವಳಿಗೆ ಸ್ವಲ್ಪ ಸ್ವಲ್ಪವಾಗಿ ಕಲಿಸೋಣ" ಅಂದೆ. ನನಗೆ ಗೊತ್ತಿದ್ದದ್ದು ಅದೊಂದೇ ಕೆಲಸ.

ವಾರದಲ್ಲಿ ಎರಡು ಸಾಯಂಕಾಲ ಅವರ ಮನೆಗೆ ಹೋಗತೊಡಗಿದೆ. ಕೇಂದ್ರದ ಲೆಕ್ಕಕ್ಕೆ ಬಾರದ ಹಾಗೆ. ನಾಯಿಗೆ ಹೆದರುವ ಮಗುವಿಗೆ ಮೊದಲು ನಾಯಿಯನ್ನು ದೂರದಿಂದ ತೋರಿಸಿ, ದಿನಕ್ಕೆ ನಾಲ್ಕು ಹೆಜ್ಜೆ ಹತ್ತಿರ ತರುತ್ತೇವೆ. ಹಾಗೆಯೇ ಅಜ್ಜಿಯ ದನಿಯನ್ನು ತರಬೇಕಾಯಿತು. ಅಡುಗೆಮನೆಯಿಂದ ಶುರುಮಾಡೋಣ ಅಂದರೆ ಅದೂ ಹತ್ತಿರವೇ ಆಯಿತು, ಹುಡುಗಿ ಓಡಿ ಹೋಗಿ ಬಾಯಿ ಮುಚ್ಚಿದಳು. ಆದ್ದರಿಂದ ಅಜ್ಜಿ ಮನೆಯ ಹೊರಗೆ, ಮೆಟ್ಟಿಲ ಮೇಲೆ ಕೂತು ಮಾತಾಡಬೇಕಾಯಿತು. ಬಾಗಿಲು ಅರ್ಧ ತೆಗೆದಿರುತ್ತಿತ್ತು. ಒಳಗೆ ನಾನು ಮತ್ತು ಹುಡುಗಿ, ನಡುವೆ ಕೋಡುಬಳೆ ಚೂರು ಮಾಡಿ ತುಂಬಿದ ಡಬ್ಬಿ. ಅಜ್ಜಿ ಹೊರಗಿನಿಂದ ಒಂದು ಮಾತು ಅನ್ನುತ್ತಿದ್ದರು. ಹುಡುಗಿ ಕಿರುಚದಿದ್ದರೆ ಅವಳಿಗೆ ಒಂದು ಚೂರು.

ಯಾವ ಮಾತು ಅನ್ನಲಿ ಅಂತ ಅಜ್ಜಿ ಕೇಳಿದ್ದರು. ನಿಮಗಿಷ್ಟ ಬಂದದ್ದು ಅಂದಿದ್ದೆ. ಒಂದು ದಿನ ಪೂರ್ತಿ ಯೋಚನೆ ಮಾಡಿ "ಮಗಾ ಅಂತಲೇ ಅಂತೀನಿ" ಅಂದರು. ತುಮಕೂರು ಕಡೆ ಹೆಣ್ಣು ಮಗುವನ್ನೂ ಹಾಗೇ ಕರೆಯುವುದು.

ಎರಡು ವಾರ ಮೆಟ್ಟಿಲ ಮೇಲೆ. ಮಹಡಿ ಹತ್ತುವವರು ನೋಡಿಕೊಂಡು ಹೋಗುತ್ತಿದ್ದರು, ಎದುರು ಮನೆಯಾಕೆ ಒಂದು ದಿನ ಬಂದು ಸೊಸೆ ಜಗಳ ಮಾಡಿ ಹೊರಗೆ ಹಾಕಿದಳೋ ಹೇಗೆ ಅಂತ ತಮಿಳಲ್ಲಿ ವಿಚಾರಿಸಿದಳಂತೆ. ಅಜ್ಜಿಗೆ ಅರ್ಥವಾಗದೆ "ಹೂಂ ಹೂಂ" ಅಂದಿದ್ದಾರೆ. ಸೊಸೆ ತಲೆ ಚಚ್ಚಿಕೊಂಡಳು. ಮೂರನೇ ವಾರ ಹೊಸಿಲ ಮೇಲೆ. ಆಮೇಲೆ ಅಡುಗೆಮನೆ, ಆಮೇಲೆ ಹಾಲಿನ ಆ ಕಡೆ ಗೋಡೆಯ ಪಕ್ಕ. ಒಂದು ದಿನ ಮುಂದೆ ಹೋದರೆ ಇನ್ನೊಂದು ದಿನ ಹಿಂದೆ. ಒಂದು ಸಾಯಂಕಾಲ ಹುಡುಗಿ ಅಷ್ಟು ಅತ್ತಳು ಅಂದರೆ, ಅಜ್ಜಿ, "ಬ್ಯಾಡ ಬಿಡವ್ವ. ಅವಳು ನೆಮ್ಮದಿಯಾಗಿದ್ರೆ ಸಾಕು. ನಾನು ಹಿಂಗೇ ಇರ್ತೀನಿ" ಅಂದರು. ಅವರು ನಿಜವಾಗಿ ಇದ್ದುಬಿಡುತ್ತಾರೆ ಅಂತ ನನಗೆ ಗೊತ್ತಿತ್ತು. ಅದಕ್ಕೇ ಹೆದರಿಕೆಯಾಯಿತು. "ಇಲ್ಲ ಅಜ್ಜಿ, ಇದೊಂದು ವಿಷಯದಲ್ಲಿ ನನ್ನ ಮಾತು ಕೇಳಿ" ಅಂದೆ. ಅಂದ ಮೇಲೆ, ಇದೇ ಮಾತನ್ನು ಹೇಳಿಯೇ ಅಲ್ಲವೆ ಇವರನ್ನು ಇಲ್ಲಿಗೆ ತಂದದ್ದು ಅನ್ನಿಸಿತು. ಆದರೂ ಮರುವಾರ ಹೋದೆ.

ಆರನೆಯದೋ ಏಳನೆಯದೋ ವಾರ ಅಜ್ಜಿ ಚಾಪೆಗೆ ಬಂದರು. ಮೊಮ್ಮಗಳ ಎದುರಿಗೆ, ಕೈ ಚಾಚಿದರೆ ಸಿಗುವಷ್ಟು ದೂರ. ನಾನು ತಲೆ ಆಡಿಸಿದಾಗ ಮಾತ್ರ ಒಂದು ಸಲ "ಮಗಾ" ಅನ್ನಬೇಕು. ಹುಡುಗಿ ಕೈ ಎತ್ತುತ್ತಿದ್ದಳು, ಬಾಯಿಯ ತನಕ ತರುತ್ತಿದ್ದಳು, ಆದರೆ ಒತ್ತುತ್ತಿರಲಿಲ್ಲ. ಕೋಡುಬಳೆ ಚೂರು ಕೊಟ್ಟರೆ ಕೈ ಇಳಿಸುತ್ತಿದ್ದಳು. ನಾಲ್ಕು ಸಲ ಹಾಗೆ ಆಯಿತು. ಐದನೆಯದಕ್ಕೆ ಮುಂಚೆ ನಾನು ಹಾಳೆಯ ಮೇಲೆ ಏನೋ ಬರೆಯುತ್ತ ತಲೆ ಆಡಿಸುವುದನ್ನು ಮರೆತೆ. ಅಜ್ಜಿ ನನ್ನ ಕಡೆ ನೋಡುತ್ತ ಕಾಯುತ್ತಿದ್ದರು. ಹುಡುಗಿ ಅಜ್ಜಿಯ ಬಾಯಿ ನೋಡುತ್ತ ಕಾಯುತ್ತಿದ್ದಳು.

ಡಬ್ಬಿ ಸದ್ದಾಯಿತು, ತಲೆ ಎತ್ತಿದೆ. ಹುಡುಗಿ ಒಂದು ಕೋಡುಬಳೆ ಚೂರು ತೆಗೆದುಕೊಂಡಿದ್ದಳು. ತಾನು ತಿನ್ನಲಿಲ್ಲ. ಎರಡು ಬೆರಳಲ್ಲಿ ಹಿಡಿದು ಅಜ್ಜಿಯ ಮುಖದ ಮುಂದೆ, ಬಾಯಿಗೆ ಸಿಗದ ಹಾಗೆ ಸ್ವಲ್ಪ ಎತ್ತರದಲ್ಲಿ ಹಿಡಿದಳು. ಕೇಂದ್ರದಲ್ಲಿ ಮಾತು ಆಡಿಸಲು ನಾವು ಅವಳ ಮುಂದೆ ತಿಂಡಿ ಹಿಡಿಯುತ್ತಿದ್ದದ್ದು ಹಾಗೇ.

"ಪೇಸು" ಅಂದಳು.

ಮಾತಾಡು. ದಿನಕ್ಕೆ ನೂರು ಸಲ ನಾವು ಅವಳಿಗೆ ಹೇಳುತ್ತಿದ್ದದ್ದು. ಅವಳು ಅದನ್ನು ಇನ್ನೊಬ್ಬರಿಗೆ ಹೇಳಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಇಷ್ಟು ದಿನ ಈ ಮಗು ತನ್ನ ಅಜ್ಜಿಯನ್ನು ಏನೆಂದು ತಿಳಿದುಕೊಂಡಿತ್ತು ಅಂತ ಆಗ ನನಗೆ ಹೊಳೆಯಿತು. ಮನೆಯಲ್ಲಿ ತನ್ನ ಹಾಗೇ ಮಾತು ಬಾರದವರು ಇನ್ನೊಬ್ಬರಿದ್ದಾರೆ, ಅವರಿಗೂ ಕಲಿಸಬೇಕು ಅಂದುಕೊಂಡಿದ್ದಳು.

ಅಜ್ಜಿಗೆ ತಮಿಳು ಬರದಿದ್ದರೂ ಆ ಒಂದು ಮಾತು ಗೊತ್ತಿತ್ತು, ಆ ಮನೆಯಲ್ಲಿ ಅದನ್ನು ಕೇಳದ ದಿನವಿರಲಿಲ್ಲ. ಅವರು ಈ ಸಲ ನಾನು ತಲೆ ಆಡಿಸಲಿ ಅಂತ ಕಾಯಲಿಲ್ಲ. ತುಟಿ ಒದ್ದೆ ಮಾಡಿಕೊಂಡು, ಹೊಸದಾಗಿ ಮಾತು ಕಲಿಯುವವರ ಹಾಗೆ ನಿಧಾನವಾಗಿ ಅಂದರು.

"ಮಗಾ."

ಹುಡುಗಿ ಕೋಡುಬಳೆಯ ಚೂರನ್ನು ಅವರ ಬಾಯಲ್ಲಿಟ್ಟಳು. ಅಜ್ಜಿ ಅದನ್ನು ಅಗಿಯಲಿಲ್ಲ. ದವಡೆಯಲ್ಲಿ ಒತ್ತರಿಸಿಕೊಂಡು, ಕಣ್ಣೀರು ಸುರಿಯುತ್ತಿದ್ದರೂ ಒರೆಸಿಕೊಳ್ಳದೆ ನನ್ನ ಕಡೆ ತಿರುಗಿದರು.

"ಇನ್ನೊಂದು ಮಾತಾಡ್ಲಾ ಅವ್ವ?"

"ನನ್ನ ಕೇಳ್ಬೇಡಿ ಅಜ್ಜಿ" ಅಂದೆ. ಹುಡುಗಿ ಅಷ್ಟರಲ್ಲಿ ಡಬ್ಬಿಯಿಂದ ಇನ್ನೊಂದು ಚೂರು ತೆಗೆದು, ಅಜ್ಜಿಯ ಮುಖದ ಮುಂದೆ ಹಿಡಿದುಕೊಂಡು ಕೂತಿದ್ದಳು.